ಕರಿಮಣ್ಣಲ್ಲೇ ಹುಟ್ಟಿ ಬೆಳೆದ ಪ್ರೈರೀ ಹುಲ್ಲಿಗೆ ಗೊಬ್ಬರ ಬೇಡ ಅನ್ನುವುದೇಕೆ?

ಎರಡೆಕರೆ:

ಅಮೆರಿಕದ ಅಯೋವಾದಲ್ಲಿ ನನ್ನ 2 ಎಕರೆ ಜಾಗ ಇದೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಮೆಕ್ಕೆಜೋಳ, ಸೋಯಾ ಸರದಿಯಲ್ಲಿತ್ತು, ಹಂದಿ ಗೊಬ್ಬರವೂ ಬಿದ್ದಿದೆ. ಈಗ ಮೆಕ್ಕೆಜೋಳದ ಕೂಳೆ ನಿಂತಿದೆ. ಅಲ್ಲಿ ಪ್ರೈರೀ (ಉತ್ತರ ಅಮೆರಿಕದ ಮೂಲ ಹುಲ್ಲುಗಾವಲು) ಹುಲ್ಲುಗಳಾದ ಬಿಗ್ ಬ್ಲೂಸ್ಟೆಮ್, ಇಂಡಿಯನ್ ಗ್ರಾಸ್, ಲಿಟಲ್ ಬ್ಲೂಸ್ಟೆಮ್, ಸೈಡ್‌ಓಟ್ಸ್ ಗ್ರಾಮಾ, ಜೊತೆಗೆ ಹೂಗಿಡಗಳನ್ನು ಬಿತ್ತುವ ಯೋಜನೆ.

ಮಣ್ಣು ಪರೀಕ್ಷೆಯ ವರದಿ: ಸಾವಯವ ಅಂಶ ಶೇ. 4.1, ರಸಸಾರ 6.4, ರಂಜಕ (ಬ್ರೇ-1 ವಿಧಾನ) 58 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 58 ಪಾಲು), ಪೊಟ್ಯಾಶ್ 210 ಪಿಪಿಎಂ.

ಬೀಜ ಕೊಡುವವರು "ಒಂದು ಹಿಡಿ ಗೊಬ್ಬರವನ್ನೂ ಹಾಕಬೇಡಿ" ಎನ್ನುತ್ತಾರೆ. ಆದರೆ ಈ ಹುಲ್ಲುಗಳು ಹುಟ್ಟಿದ್ದೇ ಜಗತ್ತಿನ ಅತಿ ಫಲವತ್ತಾದ ಕರಿಮಣ್ಣಲ್ಲಿ, ಆ ಮಣ್ಣನ್ನು ಕಟ್ಟಿದ್ದೂ ಇವೇ. ಹಾಗಿರುವಾಗ ಫಲವತ್ತತೆ ಇವಕ್ಕೆ ಹೇಗೆ ತೊಂದರೆ ಮಾಡುತ್ತದೆ? ಮೊಳಕೆ ಏಳುವಾಗ ಸ್ವಲ್ಪ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) ಕೊಟ್ಟರೂ ಆಗದೇ?

ಇನ್ನೊಂದು: ಪಕ್ಕದಲ್ಲಿ 5 ವರ್ಷದ ಹಿಂದೆ ಬಿತ್ತಿದ ಪಟ್ಟಿ ಇದೆ. ಅಲ್ಲಿ ಬಿಗ್ ಬ್ಲೂಸ್ಟೆಮ್ 7 ಅಡಿ ಬೆಳೆದು ಆಗಸ್ಟ್‌ನಲ್ಲಿ ಮಲಗಿಬಿಡುತ್ತದೆ, ಬುಡದಲ್ಲಿ ಸ್ಮೂತ್ ಬ್ರೋಮ್ ಮತ್ತು ಕೆಂಟಕಿ ಬ್ಲೂಗ್ರಾಸ್ ಎಂಬ ತಂಪುಕಾಲದ ಹುಲ್ಲುಗಳು ಹಬ್ಬುತ್ತಿವೆ. ಇದಕ್ಕೂ ಮಣ್ಣಿಗೂ ಸಂಬಂಧ ಇದೆಯೇ?

ಕರಿಮಣ್ಣು:

ಫಲವತ್ತತೆ ಎಂಬ ಒಂದೇ ಮಾತಿನಡಿ ನೀವು ಎರಡು ಬೇರೆ ಬೇರೆ ಸಂಗತಿಗಳನ್ನು ಇಟ್ಟಿದ್ದೀರಿ. ಮಣ್ಣಿನ ಕಣಜದಲ್ಲಿ ಕೂಡಿಟ್ಟ ಸಾರಜನಕ ಬೇರೆ, ಈ ವಾರ ಬೇರಿಗೆ ಸಿಗುವ ಸಾರಜನಕ ಬೇರೆ.

ನಿಮ್ಮ ವರದಿಯ ಮೇಲೆಯೇ ಲೆಕ್ಕ ಹಾಕೋಣ. ಒಂದು ಎಕರೆಯ ಮೇಲಿನ 6–7 ಅಂಗುಲ ಮಣ್ಣು ಸುಮಾರು 20 ಲಕ್ಷ ಪೌಂಡ್ ತೂಗುತ್ತದೆ. ಅದರಲ್ಲಿ ಶೇ. 4.1 ಸಾವಯವ ಅಂಶ ಅಂದರೆ 82,000 ಪೌಂಡ್. ಅದರ ಇಪ್ಪತ್ತನೇ ಒಂದು ಪಾಲು ಸಾರಜನಕ ಎಂದು ಹಿಡಿದರೂ 4,000 ಪೌಂಡ್ ದಾಟಿತು. ಇದು ಕಣಜ. ಇದರಿಂದ ಸೂಕ್ಷ್ಮಜೀವಿಗಳು ಒಂದು ವರ್ಷದಲ್ಲಿ ಬಿಡಿಸಿ ಕೊಡುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. ಶೇ. 1 ಸಾವಯವ ಅಂಶಕ್ಕೆ ಎಕರೆಗೆ ಸುಮಾರು 20 ಪೌಂಡ್ ಎಂಬ ಸ್ಥೂಲ ಲೆಕ್ಕವನ್ನು ರೈತರು ಬಳಸುತ್ತಾರೆ. ಹಾಗೆ ನೋಡಿದರೆ ನಿಮ್ಮಲ್ಲಿ ವರ್ಷಕ್ಕೆ 80 ಪೌಂಡ್ ಆಸುಪಾಸು.

ಹಳೆಯ ಪ್ರೈರಿಯಲ್ಲಿ ಕಣಜ ತುಂಬಿತ್ತು, ಆದರೆ ಅದರಿಂದ ಹೊರಬಿದ್ದ ನೈಟ್ರೇಟ್ (ಬೇರು ಹೀರಬಲ್ಲ ರೂಪದ ಸಾರಜನಕ) ಮಣ್ಣಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. ದಟ್ಟವಾದ ಬೇರುಗಳು, ಬೇರಿನ ಕೊಳೆತವನ್ನು ತಿನ್ನುವ ಜೀವಿಗಳು ಬಿಡಿಸಿದ್ದನ್ನು ಕೂಡಲೇ ಹೀರಿಕೊಳ್ಳುತ್ತಿದ್ದವು. ಮಣ್ಣು ಶ್ರೀಮಂತ, ಗಿಡದ ಕೈಗೆ ಸಿಗುವುದು ಬಿಗಿ. ಬಿಗ್ ಬ್ಲೂಸ್ಟೆಮ್ ರೂಪುಗೊಂಡಿದ್ದು ಆ ಬಿಗಿಯಲ್ಲಿ. 1837ರಲ್ಲಿ ಜಾನ್ ಡಿಯರ್ ಇಲಿನಾಯ್‌ನಲ್ಲಿ ಉಕ್ಕಿನ ನೇಗಿಲು ಮಾಡಿದ ಮೇಲೆ ಆ ನೆಲ ಒಡೆಯಿತು. ಮೊದಲ ದಶಕಗಳ ಮೆಕ್ಕೆಜೋಳ ಉಂಡದ್ದು ಈ ಕಣಜ ಒಡೆದು ಹೊರಬಂದ ಸಾರಜನಕವನ್ನೇ.

ಇನ್ನು ಹುಲ್ಲಿನ ಕಡೆಯಿಂದ ನೋಡಿ. ನೀವು ಹೆಸರಿಸಿದ ನಾಲ್ಕೂ ಬೇಸಿಗೆ ಹುಲ್ಲುಗಳು, ಸಿ-4 ಗುಂಪಿನವು. ಎಲೆಯೊಳಗೆ ಇಂಗಾಲದ ಡೈಆಕ್ಸೈಡನ್ನು ಒಂದೆಡೆ ಒತ್ತಿ ಸೇರಿಸುವ ವ್ಯವಸ್ಥೆ ಇವಕ್ಕಿದೆ. ಹಾಗಾಗಿ ಇಂಗಾಲ ಹಿಡಿಯುವ, ಆದರೆ ಸಾರಜನಕವನ್ನು ಬಹಳ ನುಂಗುವ ರುಬಿಸ್ಕೋ ಕಿಣ್ವ ಕಡಿಮೆ ಸಾಕು. ಅಷ್ಟೇ ಸಾರಜನಕದಲ್ಲಿ ಇವು ಬ್ರೋಮ್, ಬ್ಲೂಗ್ರಾಸ್‌ಗಳಿಗಿಂತ ಹೆಚ್ಚು ಹುಲ್ಲು ಕಟ್ಟುತ್ತವೆ. ಶರತ್ಕಾಲ ಬಂದರೆ ಎಲೆಯಲ್ಲಿದ್ದ ಸಾರಜನಕದ ದೊಡ್ಡ ಪಾಲನ್ನು ಬೇರು ಮತ್ತು ಬುಡಕ್ಕೆ ಇಳಿಸಿಕೊಂಡು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತವೆ. ಉಳಿದ ಒಣ ತರಗಿನಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಮ್ಮಿ. ಅದನ್ನು ಕೊಳೆಸಲು ಸೂಕ್ಷ್ಮಜೀವಿಗಳೇ ಮಣ್ಣಿನ ನೈಟ್ರೇಟನ್ನು ಸೆಳೆದುಕೊಳ್ಳಬೇಕು. ಅಂದರೆ ಈ ಹುಲ್ಲು ತನ್ನ ಸುತ್ತಲಿನ ನೈಟ್ರೇಟನ್ನು ತಾನೇ ಕೆಳಗಿಳಿಸಿ, ಅಷ್ಟು ಕಡಿಮೆಯಲ್ಲಿ ಬದುಕಲಾರದ ಎದುರಾಳಿಯನ್ನು ಹೊರಗಿಡುತ್ತದೆ.

ಮಿನ್ನೆಸೋಟಾದ ಸಂಶೋಧನಾ ತಾಣ ಸೀಡರ್ ಕ್ರೀಕ್‌ನಲ್ಲಿ ಪರಿಸರ ವಿಜ್ಞಾನಿಗಳಾದ ಡೇವಿಡ್ ವೆಡಿನ್ ಮತ್ತು ಡೇವಿಡ್ ಟಿಲ್ಮನ್ ಇದನ್ನು ಚೆನ್ನಾಗಿ ತೋರಿಸಿದ್ದಾರೆ. ಒಂದೇ ಬಗೆಯ ಮಣ್ಣಿನಲ್ಲಿ ಐದು ಜಾತಿಯ ಹುಲ್ಲನ್ನು ಬೇರೆ ಬೇರೆಯಾಗಿ ಬೆಳೆಸಿದಾಗ, ಮೂರೇ ವರ್ಷದಲ್ಲಿ ಮಣ್ಣು ಬಿಟ್ಟುಕೊಡುವ ಸಾರಜನಕದಲ್ಲಿ ಹತ್ತು ಪಟ್ಟಿನವರೆಗೂ ವ್ಯತ್ಯಾಸ ಬಂತು. ಅವರ ವರದಿ 1990ರದು. ಮಣ್ಣು ಹುಲ್ಲನ್ನು ಆರಿಸುತ್ತದೆ, ಹುಲ್ಲೂ ಮಣ್ಣನ್ನು ತನಗೆ ಬೇಕಾದಂತೆ ತಿದ್ದುತ್ತದೆ.

5 ವರ್ಷದ ಹಿಂದೆ ಬಿತ್ತಿದ ನಿಮ್ಮ ಪಟ್ಟಿಯಲ್ಲಿ ಈ ಸರಪಳಿ ಕಡಿದಿದೆ. ಸಾರಜನಕ ಧಾರಾಳವಾದ ಕಡೆ ಪೈಪೋಟಿ ಬೇರಿನದಾಗಿ ಉಳಿಯುವುದಿಲ್ಲ, ಬೆಳಕಿನದಾಗುತ್ತದೆ. ಬ್ರೋಮ್ ಮತ್ತು ಬ್ಲೂಗ್ರಾಸ್ ಏಪ್ರಿಲ್‌ನಲ್ಲೇ ಹಸಿರಾಗುತ್ತವೆ. ಬ್ಲೂಸ್ಟೆಮ್ ಎಚ್ಚರಾಗುವುದು ನೆಲ ಬೆಚ್ಚಗಾದ ಮೇಲೆ, ಮೇ ತಿಂಗಳಲ್ಲಿ. ಮೊದಲು ಎದ್ದವರು ನೈಟ್ರೇಟನ್ನೂ ಉಂಡು ನೆರಳನ್ನೂ ಹಾಕುತ್ತಾರೆ. ಮಲಗುವುದಕ್ಕೂ ಕಾರಣ ಇಲ್ಲೇ ಇದೆ: ಸಾರಜನಕ ಹೆಚ್ಚಾದಾಗ ಬೇರಿಗಿಂತ ಕಾಂಡ, ಎಲೆಗಳ ಬೆಳವಣಿಗೆ ಮುಂದಾಗುತ್ತದೆ, ಕಾಂಡ ಉದ್ದವಾಗಿ ಮೆತ್ತಗಾಗುತ್ತದೆ, ಮೇಲೆ ತೆನೆಯ ಭಾರ, ಜೊತೆಗೆ ಆಗಸ್ಟ್‌ನ ಬಿರುಮಳೆ.

ಬೇರಿನಾಳ:

ಕರಿಮಣ್ಣು ಅವರು ಸಾರಜನಕದ ವಿಷಯ ಪೂರ್ತಿ ಹೇಳಿದ್ದಾರೆ. ಡಿಎಪಿ ಪ್ರಶ್ನೆಗೆ ನನ್ನ ಉತ್ತರ: ಖಂಡಿತ ಬೇಡ. ಅದರಲ್ಲಿ ಸಾರಜನಕ ಶೇ. 18 ಇದೆ, ಅದಕ್ಕಿಂತ ಮುಖ್ಯವಾಗಿ ನಿಮ್ಮ ರಂಜಕ ಈಗಾಗಲೇ ಮಿತಿ ಮೀರಿದೆ. ಅಯೋವಾದಲ್ಲಿ ಮೆಕ್ಕೆಜೋಳಕ್ಕೇ 16–20 ಪಿಪಿಎಂ ಸಾಕು ಎಂದು ಬಹುಕಾಲ ಹೇಳಿಕೊಂಡು ಬಂದಿದ್ದಾರೆ. ನಿಮ್ಮದು 58.

ಕ್ಯಾನ್ಸಸ್‌ನ ಕೊಂಜಾ ಪ್ರೈರೀ ಸಂಶೋಧನಾ ತಾಣದಲ್ಲಿ ನಡೆದ ಕೆಲಸದಿಂದ ಗೊತ್ತಾದದ್ದು: ಬಿಗ್ ಬ್ಲೂಸ್ಟೆಮ್, ಇಂಡಿಯನ್ ಗ್ರಾಸ್‌ನಂಥ ಬೇಸಿಗೆ ಹುಲ್ಲುಗಳು ರಂಜಕ ಕಡಿಮೆ ಇರುವ ಮಣ್ಣಿನಲ್ಲಿ ಮೈಕೊರೈಜಾ ಶಿಲೀಂಧ್ರ (ಬೇರಿಗೆ ಹತ್ತಿಕೊಂಡು ಬಾಳಿ ಅದಕ್ಕೆ ರಂಜಕ ತಂದುಕೊಡುವ ಶಿಲೀಂಧ್ರ) ಇಲ್ಲದೆ ಹೆಚ್ಚುಕಮ್ಮಿ ಬೆಳೆಯುವುದೇ ಇಲ್ಲ. ಬ್ರೋಮ್‌ನಂಥ ತಂಪುಕಾಲದ ಹುಲ್ಲುಗಳಿಗೆ ಆ ಅವಲಂಬನೆ ಅಷ್ಟಿಲ್ಲ, ಅವುಗಳ ಸಣ್ಣ, ಕವಲೊಡೆದ ಬೇರುಗಳೇ ಬಹಳಷ್ಟು ಕೆಲಸ ಮಾಡಿಕೊಳ್ಳುತ್ತವೆ. ಕೊಂಜಾದಲ್ಲಿ ಬೆನೊಮಿಲ್ ಎಂಬ ಶಿಲೀಂಧ್ರನಾಶಕ ಕೊಟ್ಟು ಮೈಕೊರೈಜಾವನ್ನು ಹತ್ತಿಕ್ಕಿದಾಗ ಎತ್ತರದ ಬೇಸಿಗೆ ಹುಲ್ಲುಗಳು ಕುಗ್ಗಿ, ಉಳಿದ ಗಿಡಗಳು ಮೇಲೆದ್ದವು. ರಂಜಕ ತುಂಬಿದ ಮಣ್ಣಿನಲ್ಲೂ ಬೇರಿಗೆ ಶಿಲೀಂಧ್ರ ಹತ್ತುವುದು ಕಡಿಮೆಯಾಗುತ್ತದೆ. ಬ್ಲೂಸ್ಟೆಮ್‌ಗೆ ಇದ್ದ ಒಂದು ಮೇಲುಗೈ ನಿಮ್ಮ ಹೊಲದಲ್ಲಿ ಆರಂಭದಲ್ಲೇ ಇಲ್ಲವಾಗಿದೆ.

ಈ ರಂಜಕವನ್ನು ಹುಲ್ಲು ಕೊಯ್ದು ಇಳಿಸಬಹುದೇ? ಆಗದ ಮಾತು. ಎಕರೆಗೆ 2 ಟನ್ ಒಣಹುಲ್ಲು ಹೊರಗೆ ಸಾಗಿಸಿದರೆ ಹೋಗುವ ರಂಜಕ 4ರಿಂದ 6 ಪೌಂಡ್. ಪರೀಕ್ಷೆಯ ಅಂಕಿ 1 ಪಿಪಿಎಂ ಇಳಿಯಬೇಕಾದರೆ ಅದಕ್ಕಿಂತ ಹೆಚ್ಚು ಹೋಗಬೇಕು. ಅಂದರೆ ದಶಕಗಳ ಕೆಲಸ. ರಂಜಕವನ್ನು ಇದ್ದಂತೆಯೇ ಒಪ್ಪಿಕೊಂಡು, ಇನ್ನಷ್ಟು ಸೇರದಂತೆ ನೋಡಿಕೊಳ್ಳಿ. ಪಕ್ಕದ ಹೊಲದಿಂದ ಮಳೆನೀರು ಹರಿದು ಬರುತ್ತಿದ್ದರೆ ಅಂಚಿನಲ್ಲಿ 20–30 ಅಡಿ ದಟ್ಟ ಹುಲ್ಲಿನ ಪಟ್ಟಿ ಬಿಡಿ.

ಮೈಕೊರೈಜಾ ಪುಡಿ ಎಂದು ಡಬ್ಬದಲ್ಲಿ ಮಾರುವುದಕ್ಕೆ ದುಡ್ಡು ಸುರಿಯಬೇಡಿ. ನಿಮ್ಮ ಹೊಲದಲ್ಲಿ ಶಿಲೀಂಧ್ರ ಇಲ್ಲವೆಂದಲ್ಲ, ಇಷ್ಟು ರಂಜಕ ಇರುವಲ್ಲಿ ಅದಕ್ಕೆ ಕೆಲಸ ಇಲ್ಲ. ದ್ವಿದಳ ಹೂಗಿಡಗಳ (ಪರ್ಪಲ್ ಪ್ರೈರೀ ಕ್ಲೋವರ್, ಲೆಡ್ ಪ್ಲಾಂಟ್) ಬೀಜಕ್ಕೆ ಸರಿಯಾದ ರೈಜೋಬಿಯಂ (ಬೇರಿನಲ್ಲಿ ಗಂಟು ಕಟ್ಟುವ ಬ್ಯಾಕ್ಟೀರಿಯಾ) ಹಚ್ಚುವುದು ಬೇರೆ ವಿಷಯ. ಅದನ್ನು ತಪ್ಪದೆ ಮಾಡಿ, ಬಿತ್ತುವ ದಿನವೇ, ಬಿಸಿಲಿಗೆ ಇಡದೆ.

ಕೂರಿಗೆ:

ಈಗ ಕೆಲಸದ ಮಾತು.

ಈ ವರ್ಷವೇ ಮೆಕ್ಕೆಜೋಳದ ಕೂಳೆಯಲ್ಲಿ ಬಿತ್ತಬೇಡಿ. ಒಂದು ವರ್ಷ ತಾಳಿ ಸೋಯಾ ಬೆಳೆಯಿರಿ, ಗೊಬ್ಬರ ಏನೂ ಕೊಡದೆ. ಸೋಯಾ ಸಾರಜನಕ ಸೇರಿಸುತ್ತದಲ್ಲ ಎಂದು ಹಲವರು ಹಿಂಜರಿಯುತ್ತಾರೆ. ಮಣ್ಣಿನಲ್ಲಿ ನೈಟ್ರೇಟ್ ಇದ್ದಾಗ ಸೋಯಾ ಬೇರಿನ ಗಂಟು ಕಟ್ಟುವುದನ್ನು ತಗ್ಗಿಸಿ ಆ ನೈಟ್ರೇಟನ್ನೇ ಹೀರುತ್ತದೆ, ಕಾಳಿನೊಂದಿಗೆ ಬಹಳಷ್ಟು ಸಾರಜನಕ ಹೊರಗೆ ಹೋಗುತ್ತದೆ. ಕೊಯ್ಲಾದ ಮೇಲೆ ಉಳಿಯುವ ಕಸವೂ ಕಡಿಮೆ, ನೆಲ ಗಟ್ಟಿ, ಸಮ. ಆ ನೆಲವನ್ನು ಉಳಬೇಡಿ. ಉಳುಮೆ ಮಾಡಿದರೆ, ಮೇಲೆ ಹೇಳಿದ ಕಣಜಕ್ಕೆ ಗಾಳಿ ಹೊಕ್ಕು ಮತ್ತೆ ನೈಟ್ರೇಟ್ ಉಕ್ಕುತ್ತದೆ, ಕಳೆಬೀಜವೂ ಮೇಲೆ ಬರುತ್ತದೆ. ಕಾಲಿಟ್ಟರೆ ಹೆಜ್ಜೆ ಅರ್ಧ ಅಂಗುಲಕ್ಕಿಂತ ಹೆಚ್ಚು ಇಳಿಯಬಾರದು, ಅಷ್ಟು ಗಟ್ಟಿಯಿರಬೇಕು.

ಬೀಜದ ಮಿಶ್ರಣದಲ್ಲಿ ಬಹಳ ಜನ ಎಡವುತ್ತಾರೆ. ಬಡ ಮಣ್ಣಿಗೆ ಬರೆದ ಪಟ್ಟಿಯನ್ನು ಶ್ರೀಮಂತ ಮಣ್ಣಿಗೆ ಹಾಕಿದರೆ ಎತ್ತರದ ಹುಲ್ಲು ಉಳಿದದ್ದನ್ನೆಲ್ಲ ಮುಚ್ಚಿಬಿಡುತ್ತದೆ. ನಿಮ್ಮ ಮಣ್ಣಿಗೆ, ಎಕರೆಗೆ, ಶುದ್ಧ ಜೀವಂತ ಬೀಜದ ತೂಕದಲ್ಲಿ:

ಲಿಟಲ್ ಬ್ಲೂಸ್ಟೆಮ್ 2 ಪೌಂಡ್ (ಚದರಡಿಗೆ ಸುಮಾರು 11 ಬೀಜ)
ಸೈಡ್‌ಓಟ್ಸ್ ಗ್ರಾಮಾ 2 ಪೌಂಡ್ (ಸುಮಾರು 9)
ಬಿಗ್ ಬ್ಲೂಸ್ಟೆಮ್ ಅರ್ಧ ಪೌಂಡ್ (ಸುಮಾರು 2)
ಇಂಡಿಯನ್ ಗ್ರಾಸ್ ಅರ್ಧ ಪೌಂಡ್ (2)

ಹುಲ್ಲು ಇಷ್ಟಾದರೆ ಹೂಗಿಡಗಳು ಚದರಡಿಗೆ ಕನಿಷ್ಠ 25–30 ಬೀಜ ಇರಲಿ. ಸ್ವಿಚ್ ಗ್ರಾಸ್ ಬೇಡವೇ ಬೇಡ. ಸಾರಜನಕ ಸಿಕ್ಕರೆ ಅದು ಹೊಲವನ್ನೇ ಆಕ್ರಮಿಸುತ್ತದೆ.

ಚೀಲದ ಮೇಲೆ ಶುದ್ಧತೆ ಶೇ. 80, ಮೊಳಕೆ ಶೇ. 85 ಎಂದಿದ್ದರೆ ಎರಡನ್ನೂ ಗುಣಿಸಿ: 0.68. ಅಂದರೆ 2 ಪೌಂಡ್ ಜೀವಂತ ಬೀಜಕ್ಕೆ ಚೀಲದಿಂದ 2.9 ಪೌಂಡ್ ತೂಗಬೇಕು. ಆಳ ಕಾಲು ಅಂಗುಲ, ಅರ್ಧ ಅಂಗುಲ ದಾಟಬಾರದು. ಬ್ಲೂಸ್ಟೆಮ್ ಬೀಜ ನವಿರು ಕೂದಲಿನದು, ಸಾಮಾನ್ಯ ಕೂರಿಗೆಯ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಕೂದಲುಬೀಜಕ್ಕೆಂದೇ ಪ್ರತ್ಯೇಕ ಪೆಟ್ಟಿಗೆ ಇರುವ ಯಂತ್ರ ಬೇಕು.

ಬಿತ್ತುವ ಕಾಲ: ಹೂಗಿಡ ಮುಖ್ಯವಾದರೆ ನವೆಂಬರ್ ನಂತರ, ನೆಲ ತಣ್ಣಗಾದ ಮೇಲೆ. ಬೇಸಿಗೆ ಹುಲ್ಲು ಮುಖ್ಯವಾದರೆ ಮೇ ಮಧ್ಯದಿಂದ ಜೂನ್ ಮಧ್ಯ. ನಿಮ್ಮ ಮಣ್ಣಿನಲ್ಲಿ ಹುಲ್ಲು ತಾನಾಗಿಯೇ ಮೇಲೇಳುತ್ತದೆ, ಹಾಗಾಗಿ ಚಳಿಗಾಲದ ಬಿತ್ತನೆಯೇ ವಾಸಿ.

ಮೊದಲ ವರ್ಷ ಬ್ಲೂಸ್ಟೆಮ್ ಸಸಿ ನೆಲದ ಮೇಲೆ ಕೆಲವೇ ಅಂಗುಲ, ಶಕ್ತಿಯೆಲ್ಲ ಬೇರಿಗೆ. ಅದೇ ಹೊತ್ತಿಗೆ ಕಳೆಗಳಾದ ವಾಟರ್‌ಹೆಂಪ್ ಮತ್ತು ಫಾಕ್ಸ್‌ಟೇಲ್ ಸಾರಜನಕ ಉಂಡು ಸೊಂಟದೆತ್ತರ. ಅವು 10–12 ಅಂಗುಲ ಮುಟ್ಟಿದ ಕೂಡಲೇ 4–6 ಅಂಗುಲಕ್ಕೆ ಸವರಿ, ಮೊದಲ ಬೇಸಿಗೆಯಲ್ಲಿ ಮೂರರಿಂದ ಐದು ಸಲ. ಎತ್ತರ ಬಿಟ್ಟು ಒಂದೇ ಸಲ ಕತ್ತರಿಸಿದರೆ ದಪ್ಪ ಹಾಸು ಬಿದ್ದು ಸಸಿ ಉಸಿರುಗಟ್ಟಿ ಸಾಯುತ್ತದೆ. ಗೊಬ್ಬರ ಹಾಕಬೇಡಿ ಎನ್ನುವುದು ಮುಖ್ಯವಾಗಿ ಈ ವರ್ಷದ ಕಾರಣಕ್ಕೇ, ಏಕೆಂದರೆ ಈಗ ಕೊಟ್ಟದ್ದೆಲ್ಲ ಕಳೆಯ ಬಾಯಿಗೆ.

ಫ್ಲಿಂಟ್ ಹಿಲ್ಸ್ ಮೇವು:

ಎಲ್ಲ ಮಾತಿಗೂ ಒಪ್ಪಿಗೆ, ಆದರೆ "ಎಂದೆಂದಿಗೂ ಗೊಬ್ಬರ ಬೇಡ" ಎಂದು ಓದುಗರು ತಿಳಿಯಬಾರದು. ಸಾರಜನಕ ಕೊಟ್ಟರೆ ಬಿಗ್ ಬ್ಲೂಸ್ಟೆಮ್ ಬೆಳೆಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಕೊಂಜಾದಲ್ಲಿ ಪ್ರತಿವರ್ಷ ಬೆಂಕಿ ಹಾಕುವ ಭಾಗಕ್ಕೆ ಸಾರಜನಕ ಕೊಟ್ಟಾಗ ಇಳುವರಿ ಚೆನ್ನಾಗಿ ಏರುತ್ತದೆ, ಏಕೆಂದರೆ ಅಲ್ಲಿನ ಕೊರತೆಯೇ ಸಾರಜನಕ. ವರ್ಷಗಟ್ಟಲೆ ಸುಡದ ಭಾಗದಲ್ಲಿ ಅಷ್ಟು ಏರುವುದಿಲ್ಲ, ಅಲ್ಲಿ ತರಗಿನ ಹೊದಿಕೆಯಡಿ ಬೆಳಕೇ ಕೊರತೆ. ಮಣ್ಣಿನ ಫಲವತ್ತತೆಯ ಪರಿಣಾಮ ಬೆಂಕಿಯನ್ನು ಬಿಟ್ಟು ಅರ್ಥವಾಗುವುದಿಲ್ಲ.

ಮೇವಿಗೆಂದೇ ಬರೀ ಬೇಸಿಗೆ ಹುಲ್ಲು ಬೆಳೆಯುವವರು, ಹುಲ್ಲು ಪೂರ್ತಿ ನೆಲೆಯೂರಿದ ಮೇಲೆ, ಎಕರೆಗೆ 40–60 ಪೌಂಡ್ ಸಾರಜನಕ ಕೊಡುವುದುಂಟು. ಹುಲ್ಲು ಚಿಗುರಿ ಕೈಯುದ್ದ ಬಂದಾಗ, ಮೇ ಕೊನೆಯ ಹೊತ್ತಿಗೆ. ಏಪ್ರಿಲ್‌ನಲ್ಲಿ ಕೊಟ್ಟರೆ ಬ್ರೋಮ್‌ಗೆ ಉಣಿಸಿದಂತೆ. ಕೊಚ್ಚಿಹೋಗಿ ಹಳದಿ ಒಳಮಣ್ಣು ಮೇಲೆ ಬಂದ ದಿಬ್ಬ, ಕಟ್ಟಡ ಕೆಲಸದಲ್ಲಿ ಮೇಲ್ಮಣ್ಣು ಕೆರೆದು ತೆಗೆದ ಜಾಗ, ಅಲ್ಲಿ ರಂಜಕ 5 ಪಿಪಿಎಂ ಆಸುಪಾಸಿದ್ದರೆ ಬಿತ್ತುವ ಮೊದಲು ರಂಜಕ ಮತ್ತು ಪೊಟ್ಯಾಶ್ ಕೊಡುವುದರಲ್ಲಿ ಅರ್ಥವಿದೆ. ಅಲ್ಲೂ ಮೊದಲ ವರ್ಷ ಸಾರಜನಕ ಬೇಡ. ಲಿಟಲ್ ಬ್ಲೂಸ್ಟೆಮ್ ಮತ್ತು ಸೈಡ್‌ಓಟ್ಸ್ ಸುಣ್ಣದ ತೆಳು ಮಣ್ಣಿನಲ್ಲೂ ನೆಟ್ಟಗೆ ನಿಲ್ಲುವ ಹುಲ್ಲುಗಳು, ಅವಕ್ಕಾಗಿ ಮಣ್ಣು ಸುಧಾರಿಸುವ ಶ್ರಮ ಬೇಕಿಲ್ಲ.

ಜಾತಿ ವೈವಿಧ್ಯ ಬೇಕೆನ್ನುವವರಿಗೆ ಮಾತ್ರ ಈ ಯಾವುದೂ ಅನ್ವಯಿಸದು. ಸೀಡರ್ ಕ್ರೀಕ್‌ನಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಬರೀ 10 ಕಿಲೋ ಸಾರಜನಕ ಸೇರಿಸುತ್ತ ಹೋದಾಗಲೂ ಗಿಡಜಾತಿಗಳು ಶೇ. 17 ಕಡಿಮೆಯಾದವು. ಹೆಚ್ಚು ಕೊಟ್ಟ ತಾಕುಗಳಲ್ಲಿ ಗೊಬ್ಬರ ನಿಲ್ಲಿಸಿ 20 ವರ್ಷವಾದರೂ ವೈವಿಧ್ಯ ಮರಳಲಿಲ್ಲ.

ನಿಮ್ಮ ಹಳೆಯ ಪಟ್ಟಿಗೆ: ಬ್ರೋಮ್‌ನ ಕಾಂಡ ಉದ್ದವಾಗತೊಡಗಿ, ಅದರ ಬೆಳವಣಿಗೆಯ ತುದಿ ನೆಲದಿಂದ ಮೇಲೆದ್ದ ಹಂತಕ್ಕೆ ಕಾದು ಬೆಂಕಿ ಹಾಕಿ. ಹೆಚ್ಚುಕಮ್ಮಿ ಏಪ್ರಿಲ್ ಕೊನೆ, ಮೇ ಮೊದಲ ವಾರಗಳು. ದಿನಾಂಕ ನೋಡಬೇಡಿ, ಬ್ರೋಮ್ ಕಾಂಡ ಸೀಳಿ ನೋಡಿ. ಮಾರ್ಚ್‌ನಲ್ಲೇ ಸುಟ್ಟರೆ ತರಗು ಹೋಗಿ ಬಿಸಿಲು ಬಿದ್ದು ಬ್ರೋಮ್ ಇನ್ನೂ ಹುರುಪಾಗಿ ಏಳುತ್ತದೆ. ಬೇಸಿಗೆ ಹುಲ್ಲು ಐದರಲ್ಲಿ ಒಂದು ಪಾಲಾದರೂ ಉಳಿದಿದ್ದರೆ ಮಾತ್ರ ಇದು ಫಲ ಕೊಡುತ್ತದೆ, ಇಲ್ಲದಿದ್ದರೆ ತೆರವಾದ ಜಾಗಕ್ಕೆ ಬ್ರೋಮೇ ಮರಳುತ್ತದೆ. ಬೆಂಕಿಯಲ್ಲಿ ತರಗಿನ ಸಾರಜನಕದ ಬಹುಪಾಲು ಗಾಳಿಗೆ ಹೋಗುತ್ತದೆ, ರಂಜಕ ಮತ್ತು ಪೊಟ್ಯಾಶ್ ಬೂದಿಯಲ್ಲಿ ಅಲ್ಲೇ ಉಳಿಯುತ್ತವೆ. ಅನುಮತಿ, ಗಾಳಿಯ ದಿಕ್ಕು, ಸುತ್ತ ಸವರಿದ ಬೆಂಕಿರೇಖೆ, ನೀರು, ಸಾಕಷ್ಟು ಕೈಗಳು ಇವಿಲ್ಲದೆ ಕಡ್ಡಿ ಗೀರಬೇಡಿ.

ಎರಡೆಕರೆ:

ಎಲ್ಲರಿಗೂ ಧನ್ಯವಾದ. ಸೋಯಾ ಮೊದಲು ಎನ್ನುವುದು ಹೊಳೆದೇ ಇರಲಿಲ್ಲ. ಇನ್ನೆರಡು ಪ್ರಶ್ನೆ. ಸಕ್ಕರೆ ಅಥವಾ ಮರದ ಪುಡಿ ಹಾಕಿ ನೈಟ್ರೇಟ್ ಇಳಿಸುವ ವಿಧಾನ ನಿಜವಾಗಿ ಕೆಲಸ ಮಾಡುತ್ತದೆಯೇ? ಹುಲ್ಲು ಕೊಯ್ದು ಸಾಗಿಸುವುದಾದರೆ ಯಾವ ತಿಂಗಳು?

ಕರಿಮಣ್ಣು:

ಸಕ್ಕರೆ ವಿಧಾನ ಕೆಲಸ ಮಾಡುತ್ತದೆ, ಆದರೆ 2 ಎಕರೆಗೆ ಅಲ್ಲ. ಸೂಕ್ಷ್ಮಜೀವಿಗಳಿಗೆ ಬರೀ ಇಂಗಾಲ ಉಣಿಸಿದರೆ ಅವು ಮೈ ಕಟ್ಟಲು ಮಣ್ಣಿನ ನೈಟ್ರೇಟನ್ನು ಎಳೆದುಕೊಳ್ಳುತ್ತವೆ, ತತ್ವ ಅಷ್ಟೇ. ಪರಿಣಾಮ ಎದ್ದು ಕಾಣಬೇಕಾದರೆ ಚದರ ಮೀಟರಿಗೆ ನೂರಾರು ಗ್ರಾಂ ಇಂಗಾಲ ಬೇಕು. 500 ಗ್ರಾಂ ಎಂದಿಟ್ಟುಕೊಳ್ಳಿ. ಸಕ್ಕರೆಯಲ್ಲಿ ಇಂಗಾಲ ಶೇ. 42, ಅಂದರೆ ಚದರ ಮೀಟರಿಗೆ 1.2 ಕಿಲೋ, ಎಕರೆಗೆ 4.8 ಟನ್ ಸಕ್ಕರೆ! ಮರದ ಪುಡಿಯಾದರೆ ಒಣ ತೂಕದಲ್ಲಿ ಸುಮಾರು 4 ಟನ್. ಸಕ್ಕರೆಯ ಪ್ರಭಾವ ವಾರಗಳು, ಪುಡಿಯದು ಒಂದೆರಡು ವರ್ಷ. ಆಮೇಲೆ ಆ ಜೀವಿಗಳು ಸತ್ತು ಹಿಡಿದದ್ದನ್ನು ಬಿಟ್ಟುಕೊಡುತ್ತವೆ, ಅಷ್ಟರೊಳಗೆ ಬ್ಲೂಸ್ಟೆಮ್ ಬೇರೂರಿದ್ದರೆ ಲಾಭ. ಹತ್ತಿಪ್ಪತ್ತು ಚದರ ಮೀಟರಿನ, ಅಪರೂಪದ ಗಿಡಗಳಿರುವ ಮಡಿಗೆ ಮಾಡಬಹುದು. ಪುಡಿಯನ್ನು ಮಣ್ಣಿಗೆ ಬೆರೆಸಿದರೆ ಮಾತ್ರ ಕೆಲಸ, ಮೇಲೆ ಹರಡಿದರೆ ಬರೀ ಹೊದಿಕೆ.

ಕೊಯ್ಲಿನ ಬಗ್ಗೆ: ಸಾರಜನಕ ಹೊರಹಾಕುವುದೇ ಗುರಿಯಾದರೆ ಅದು ಎಲೆಯಲ್ಲಿರುವಾಗ ಕೊಯ್ಯಬೇಕು. ಜುಲೈ ಮೊದಲರ್ಧದ ಹುಲ್ಲಿನಲ್ಲಿ ಸಾರಜನಕ ಶೇ. 1ರ ಆಸುಪಾಸು, 2 ಟನ್ ಕೊಯ್ದರೆ 40 ಪೌಂಡ್ ಹೋಯಿತು. ಅದೇ ಅಕ್ಟೋಬರ್‌ನಲ್ಲಿ ಬೆಂಡಾಗಿ ಕೆಂಪಾದ ಹುಲ್ಲು ಕೊಯ್ದರೆ ಅದರ ಅರ್ಧವೂ ಹೋಗದು, ಉಳಿದದ್ದು ಆಗಲೇ ಬೇರಿಗೆ ಇಳಿದಿರುತ್ತದೆ. ಮೇವಿನ ಪರೀಕ್ಷೆ ಮಾಡಿಸಿದರೆ ಪ್ರೋಟೀನ್ ಅಂಕಿಯನ್ನು 6.25ರಿಂದ ಭಾಗಿಸಿ, ಸಾರಜನಕ ಸಿಗುತ್ತದೆ. 6–8 ಅಂಗುಲ ಕೂಳೆ ಬಿಡಿ, ಹಿಮ ಬೀಳುವ ಮೊದಲು ಹುಲ್ಲು ಮತ್ತೆ ಚಿಗುರಿ ಬುಡ ತುಂಬಿಕೊಳ್ಳಲು ಸಮಯ ಇರಲಿ. ಪ್ರತಿವರ್ಷ ಜುಲೈ ಕೊಯ್ಲು ಮಾಡಿದರೆ ಎತ್ತರದ ಹುಲ್ಲೂ ಸೊರಗುತ್ತದೆ, ತಡವಾಗಿ ಹೂಬಿಡುವ ಗಿಡಗಳೂ ಬೀಜ ಕಟ್ಟುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ, ಜಾಗದ ಮೂರನೇ ಒಂದು ಭಾಗ ಮಾತ್ರ ಕೊಯ್ಯಿರಿ. ಹಕ್ಕಿಗೂಡು ಇದ್ದರೆ ಆ ತುಂಡು ಬಿಟ್ಟುಬಿಡಿ.

ಕೂರಿಗೆ:

ಒಂದು ಸೇರ್ಪಡೆ. ಚಳಿಗಾಲದಲ್ಲಿ ಬಿತ್ತಿದರೆ ಮುಂದಿನ ವಸಂತದಲ್ಲಿ ಎಕರೆಗೆ 30 ಪೌಂಡಿನಷ್ಟು ಓಟ್ಸ್ ಚೆಲ್ಲಿ. ಮೊದಲ ನೈಟ್ರೇಟ್ ಅಲೆಯನ್ನು ಅದು ಹಿಡಿಯುತ್ತದೆ. ತೆನೆ ಕಾಳಾಗುವ ಮೊದಲು ಸವರಲೇಬೇಕು. 60 ಪೌಂಡ್ ಹಾಕಿದರೆ ಓಟ್ಸೇ ಕಳೆಯಾಗುತ್ತದೆ.

ಬೇರಿನಾಳ:

ಮಣ್ಣು ಪರೀಕ್ಷೆಯಲ್ಲಿ ನೈಟ್ರೇಟ್ ಅಂಕಿ ಇಲ್ಲದ್ದು ಗಮನಿಸಿದೆ. ನಿಮಗೆ ಬೇಕಾದದ್ದು ಅದೇ. ಸೋಯಾ ಬಿತ್ತುವ ಮೊದಲು ಒಮ್ಮೆ, ಪ್ರೈರೀ ಬಿತ್ತಿದ ಮೂರನೇ ವರ್ಷ ಅದೇ ತಿಂಗಳಲ್ಲಿ ಇನ್ನೊಮ್ಮೆ ತೆಗೆಸಿ. ಆಳ 12 ಅಂಗುಲ, ಹೊಲದ 15 ಕಡೆಯಿಂದ ಕೊರೆದು ಒಂದು ಬಕೆಟ್‌ನಲ್ಲಿ ಬೆರೆಸಿ. ಮೆಕ್ಕೆಜೋಳಕ್ಕೆ ಈ ಪರೀಕ್ಷೆಯಲ್ಲಿ 25 ಪಿಪಿಎಂ ಬಂದರೆ ಸಾಕು ಎನ್ನುತ್ತಾರೆ. ನಿಮ್ಮ ಬ್ಲೂಸ್ಟೆಮ್ ಹಿಡಿತ ಸಾಧಿಸಿದ್ದರೆ ಅಂಕಿ 10ಕ್ಕಿಂತ ಕೆಳಗೆ ಇಳಿದಿರಬೇಕು. ಇಳಿಯದಿದ್ದರೆ ಬುಡದಲ್ಲಿ ಬ್ಲೂಗ್ರಾಸ್ ಇದೆಯೇ ಎಂದು ಮಂಡಿಯೂರಿ ನೋಡಿ. ಮಾದರಿಯನ್ನು ಅಂದೇ ತೆಳ್ಳಗೆ ಹರಡಿ ಒಣಗಿಸಿ, ಇಲ್ಲವೇ ಫ್ರಿಜ್‌ನಲ್ಲಿಡಿ. ಬಿಸಿಲಿನ ಕಾರಿನೊಳಗೆ ಒದ್ದೆ ಚೀಲ ಎರಡು ದಿನ ಕೂತರೆ ಸೂಕ್ಷ್ಮಜೀವಿಗಳು ಚೀಲದೊಳಗೇ ನೈಟ್ರೇಟ್ ಮಾಡುತ್ತ ಹೋಗುತ್ತವೆ, ಬರುವ ಅಂಕಿ ನಿಮ್ಮ ಹೊಲದ್ದಾಗಿರುವುದಿಲ್ಲ.